ಹಾಡಿನ ಮೇಲೆ ಮಾತು

ಅವರ ಬಲಗೈ ಕಿರುಬೆರಳು ಉಳಿದ ಬೆರಳುಗಳಿಗಿಂತ ಕಪ್ಪಗಿತ್ತು. ಸಿಕ್ಕು ಬಿದ್ದ ಕ್ಯಾಸೆಟ್ಟಿನ ತೂತಿಗೆ ಅದನ್ನೇ ತೂರಿಸಿ, ಗಿರಾಕಿಯ ಜೊತೆ ಮಾತಾಡುತ್ತಲೇ ಟೇಪು ಸುತ್ತುತ್ತಿದ್ದರು. ಪೆನ್ಸಿಲ್ ಕೊಡಹೋದರೆ ಬೇಡ ಅನ್ನುತ್ತಿದ್ದರು. "ಟೇಪ್ ಹರಿಯೂದು ಪೆನ್ಸಿಲಿಗೆ ಗೊತ್ತಾಗಂಗಿಲ್ರಿ ಅಕ್ಕಾರ, ಬೆರಳಿಗೆ ಗೊತ್ತಾಗ್ತದ."

ಪುಣೆಯ ಸ್ವಾರಗೇಟಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರ ಕ್ಯಾಸೆಟ್ ಅಂಗಡಿ. ಕಲಬುರ್ಗಿ ಕಡೆಯವರು. ತೊಂಬತ್ತರ ದಶಕದಲ್ಲಿ ನಮ್ಮ ಕನ್ನಡ ವಾರಪತ್ರಿಕೆ ಊರಿನ ಬಸ್ಸಿನಲ್ಲಿ ಬಂದು ಅಲ್ಲೇ ಇಳಿಯುತ್ತಿತ್ತು. ಅದರಲ್ಲಿನ ಧಾರಾವಾಹಿಯನ್ನು ಶನಿವಾರ ಭಜನಾ ಮಂಡಳಿಯ ಹೆಂಗಸರಿಗೆ ಓದಿ ಹೇಳುವುದು ನನ್ನ ಕೆಲಸ. ಪತ್ರಿಕೆ ಬಾರದ ವಾರ ನಾನೇ ಒಂದು ಕಂತು ಬರೆದು, ಅಚ್ಚಾದದ್ದನ್ನೇ ಓದುವವಳಂತೆ ಗಂಭೀರವಾಗಿ ಓದುತ್ತಿದ್ದೆ. ಲೇಖಕರು ಮೂಲೆಯಲ್ಲಿ ಅಳಲು ಕೂರಿಸಿದ್ದ ನಾಯಕಿಯನ್ನು ನಾನು ಎಬ್ಬಿಸಿ ಅತ್ತೆಯ ಮೇಲೆ ಜಗಳಕ್ಕೆ ಬಿಡುತ್ತಿದ್ದೆ.

ಇದನ್ನು ಹಿಡಿದವರು ಆ ಅಂಗಡಿಯವರೇ. ತಾಯಿಯಿಲ್ಲದ ಅವರ ಮಗಳು ಭಜನೆಗೆ ಬರುತ್ತಿದ್ದಳು. ಕತೆ ಮನೆಗೆ ಒಯ್ದಿದ್ದಳು.

"ಈ ವಾರದ ಪೇಪರ್ ಬಂದಿಲ್ಲ. ಮತ್ತ ಆಕಿ ಅತ್ತಿಗೆ ಹೆಂಗ ಬೈದಳ್ರಿ?"

"ಪುಣೆ ನೀರು ಕುಡದಾಳ್ರಿ, ಬೈದಳು," ಎಂದೆ.

ಅವರು ನಗಲಿಲ್ಲ. ಒಂದು ಕ್ಯಾಸೆಟ್ ಹಾಕಿದರು. ಅಮೆರಿಕದ ಕರಿಯ ಹೆಂಗಸೊಬ್ಬಳ ಹಾಡು. ಅದಕ್ಕೆ ಸೋಲ್, ಅಂದರೆ ಆತ್ಮದ ಸಂಗೀತ ಅನ್ನುತ್ತಾರೆ ಎಂದರು. ನನಗೆ ಒಂದು ಪದವೂ ತಿಳಿಯಲಿಲ್ಲ. ಆದರೆ ಆಕೆ ಒಂದೇ ಮಾತನ್ನು ಬಿಟ್ಟು ಬಿಟ್ಟು ಹಿಡಿಯುತ್ತಿದ್ದಳು, ಪ್ರತಿ ಸಲವೂ ಎದೆಯ ಬೇರೆ ಕಡೆಯಿಂದ.

"ಈಕಿ ಬೇಡಿಕೊಳ್ಳಲಿಕತ್ತಾಳ. ಬೈದ್ರ ಮುಗೀತದ್ರಿ. ಬೇಡಿಕೊಂಡ್ರ ಮುಗಿಯಂಗಿಲ್ಲ," ಎಂದರು.

ಪತ್ರಿಕೆ ಬಾರದ ಮುಂದಿನ ಶನಿವಾರ ನನ್ನ ನಾಯಕಿ ಬೈಯಲಿಲ್ಲ. ಪ್ರತಿ ಊಟದ ಹೊತ್ತಿಗೂ ಅಡುಗೆಮನೆ ಬಾಗಿಲಲ್ಲಿ ನಿಂತು, "ಅತ್ತಿ, ನನಗೂ ಒಂದು ತಾಟು ಇಡ್ರಿ," ಎಂದಷ್ಟೇ ಹೇಳಿದಳು. ಮಂಡಳಿಯ ಹೆಂಗಸರು ಆ ಸಾಲನ್ನು ಇನ್ನೊಮ್ಮೆ ಓದಿಸಿದರು.

ಮಗಳಿಗೆ ಹಿಡಿಸಿದ್ದು ಹಿಪ್ ಹಾಪ್. ಡಬ್ಬಿ ಬಡಿಯುತ್ತ, ಕನ್ನಡ ಮರಾಠಿ ಕಲಸಿ, ತಾಳಕ್ಕೆ ಮಾತು ಹೇಳುತ್ತಿದ್ದಳು.

"ಇದು ಹಾಡಲ್ಲ, ಜಗಳ," ಅಂತ ಅಪ್ಪ.

"ಜಗಳಕ್ಕೂ ತಾಳ ಬೇಕಪ್ಪಾ," ಅಂತ ಮಗಳು.

ಹಳೆಯ ಹಾಡಿನ ತುಂಡೊಂದು ಹಿಂದೆ ತಿರುಗುತ್ತಿರುತ್ತದೆ, ಅದರ ಮೇಲೆ ಹೊಸಬರು ತಮ್ಮ ಮಾತು ಹೇಳುತ್ತಾರೆ ಎಂದು ನನಗೆ ತಿಳಿಸಿದವಳು ಅವಳೇ. "ಮಂದಿ ಕತಿ ಮ್ಯಾಲೆ ನೀವು ಮಾಡೂದೂ ಅದ ಅಲ್ರಿ, ಮೌಶಿ?"

ಅವಳ ತಾಯಿ ಹಾಡಿದ ತೊಟ್ಟಿಲ ಪದವೊಂದು ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಚೂರನ್ನು ಮುರಿದುಬಿಟ್ಟರೆ ಅದರ ಮೇಲೆ ಬೇರೆ ಏನನ್ನೂ ತುಂಬಲಾಗುವುದಿಲ್ಲ. ಗಿರಾಕಿಗಳ ಮದುವೆ ಹಾಡಿಗೆಲ್ಲ ತಪ್ಪದೆ ಮುರಿದು ಕೊಡುತ್ತಿದ್ದವರಿಗೆ, ಹೆಂಡತಿಯ ದನಿಯಿದ್ದ ಕ್ಯಾಸೆಟ್ಟನ್ನು ಮುರಿಯಲು ಮಾತ್ರ ಕೈ ಬಂದಿರಲಿಲ್ಲ. ಒಂದು ದಿನ ಮಗಳು ತಾಯಿಯ ಹಾಡಿನ ಮೇಲೆ ತನ್ನ ಮಾತು ಸೇರಿಸಿ ಖಾಲಿ ಕ್ಯಾಸೆಟ್ಟಿಗೆ ತುಂಬಲು ಹೋದಳು. ಅಂಗಡಿಯ ಯಂತ್ರಕ್ಕೆ ಎರಡು ಬಾಯಿ, ಒಂದು ಹಾಡುವುದಕ್ಕೆ, ಒಂದು ತುಂಬುವುದಕ್ಕೆ. ಅವಸರದಲ್ಲಿ ಕ್ಯಾಸೆಟ್ಟುಗಳು ಅದಲುಬದಲಾದವು; ಯಂತ್ರದ ದನಿ ತಗ್ಗಿಸಿಟ್ಟಿದ್ದರಿಂದ ಅವಳಿಗೆ ತಿಳಿಯಲಿಲ್ಲ. ತಾಯಿಯ ದನಿ ಅಳಿಸಿ ಮಗಳ ಮಾತಷ್ಟೇ ಉಳಿಯಿತು.

ಅಪ್ಪ ಬೈಯಲಿಲ್ಲ. ಮಾತು ಬಿಟ್ಟರು. ಅವಳು ಊರಾಚೆಯ ಪಿಂಪ್ರಿಯಲ್ಲಿ ಕೆಲಸ ಹಿಡಿದು ಅಲ್ಲೇ ಹಾಸ್ಟೆಲ್ ಸೇರಿದಳು. ದೀಪಾವಳಿಗೆ ಬಂದವಳು ಅಂಗಡಿಯ ಮೆಟ್ಟಿಲಿನಿಂದಲೇ ತಿರುಗಿ ಹೋದಳು.

ಮಂದಿಯ ಮನೆಯಲ್ಲಿ ಮೂಗು ತೂರಿಸುವ ವಿದ್ಯೆ ನನಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತದೆ. ಧಾರಾವಾಹಿಯ ನಾಯಕಿಗೆ ಒಬ್ಬ ತಂದೆಯಿದ್ದ. ಲೇಖಕರು ಅವನನ್ನು ಮರೆತೇಬಿಟ್ಟಿದ್ದರು. ನಾನು ಕರೆತಂದೆ. ನನ್ನ ಕಂತಿನಲ್ಲಿ ಮಗಳು ಅವನ ಬಾಗಿಲಿಗೆ ಬಂದು, "ಅಪ್ಪಾ, ನನ್ನ ಜೋಡಿ ಜಗಳರೆ ಆಡು," ಎಂದು ಮತ್ತೆ ಮತ್ತೆ ಬೇಡಿದಳು. ಅವನು ಬಾಗಿಲು ತೆರೆದು ಅಪ್ಪಿಕೊಂಡ. ಆ ಶನಿವಾರ ಅಂಗಡಿಯವರನ್ನೂ ಕರೆದೆ. ಹೊಸ್ತಿಲಾಚೆ ನಿಂತು ಕೇಳಿದರು.

"ಸುಳ್ಳ ಬರದೀರಿ," ಎಂದರು.

"ಯಾವುದ್ರಿ?"

"ಅಪ್ಪಿಕೊಂಡದ್ದು. ಅಷ್ಟ ಸಲೀಸ ಇರಂಗಿಲ್ಲ. ಮೊದಲ ಆಂವಗ ನಾಚಿಕಿ ಬರ್ತದ."

"ಯಾತರ ನಾಚಿಕಿ?"

"ಹೇಣ್ತಿ ದನಿ ಹೋತು ಅಂತ ಮಗಳ ದನೀನೂ ಕಳಕೊಂಡ್ನಲ್ಲ, ಅದರದು."

"ಹಂಗಾರ ತಿದ್ದತೀನಿ. ಆಮ್ಯಾಲೆ ಆಂವ ಏನ್ ಮಾಡ್ತಾನ, ಅದರೆ ಹೇಳ್ರಿ."

ಅವರು ಚಪ್ಪಲಿ ಮೆಟ್ಟಿ ಹೋದರು. ಮರುದಿನ ಅಂಗಡಿ ಮುಚ್ಚಿತ್ತು.

ಪಿಂಪ್ರಿಯ ಲೋಕಲ್ ರೈಲು ಹತ್ತಿದ್ದರಂತೆ, ಚೀಲದಲ್ಲಿ ಆ ಕ್ಯಾಸೆಟ್ಟು, ಒಂದು ಸಣ್ಣ ಟೇಪ್ ರೆಕಾರ್ಡರ್. ಹಾಸ್ಟೆಲಿನ ಗೇಟಿನಲ್ಲಿ ಮಗಳಿಗೆ ಹೇಳಿದ್ದು ಇಷ್ಟೇ: "ನೀ ತುಂಬಿದ್ದು ನಾ ಇನ್ನೂ ಕೇಳಿಲ್ಲ. ಕೇಳಸ್ತೀಯೇನು?" ಕಂಪೌಂಡಿನ ಗೋಡೆಯ ಮೇಲಿಟ್ಟು ಇಬ್ಬರೂ ಕೇಳಿದರು. ಅದು ಅವಳು ತನ್ನ ತಾಯಿಗೆ ಹೇಳಿದ್ದ ಮಾತು: ಅವ್ವಾ, ಅಪ್ಪ ಸಾರಿಗೆ ಉಪ್ಪು ಮರೀತಾನ, ನಿನ್ನ ಸೀರಿ ವರ್ಷಕ್ಕೊಮ್ಮೆ ಬಿಸಲಿಗೆ ಹಾಕತಾನ, ಅಳೂದು ನನಗ ಕೇಳಬಾರದಂತ ನಳ ಬಿಡ್ತಾನ. ಟೇಪು ಮುಗಿದ ಮೇಲೂ ಅವರು ಗೋಡೆಗೆ ಕೈಯೂರಿ ನಿಂತೇ ಇದ್ದರಂತೆ. ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬಂದರು.

ಎರಡು ಸಾವಿರದ ಇಸವಿಯಿಂದ ಈಚೆಗೆ ಕ್ಯಾಸೆಟ್ಟುಗಳ ಕಾಲ ಮುಗಿಯಿತು. ಅಂಗಡಿ ಹೋಯಿತು, ಆಮೇಲೆ ಅವರ ಉಸಿರೂ ಸೋತಿತು. ನೋಡಲು ಹೋದಾಗ ಮಗಳು ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದಳು. ನನ್ನನ್ನು ಕಂಡು, "ಆ ಕಂತು ತಿದ್ದಿದ್ರೇನು?" ಎಂದರು.

"ತಿದ್ದೀನ್ರಿ. ಆಂವ ಅಪ್ಪಿಕೊಳ್ಳಂಗಿಲ್ಲ ಈಗ. ಮಗಳು ಹೇಳಿದ್ದೆಲ್ಲಾ ತೆಲಿ ತಗ್ಗಿಸಿ ಕೇಳಿಸಿಕೊಳ್ತಾನ."

"ಹಾಂ. ಹಂಗ ಇರ್ಲಿ."

ಅದೇ ವಾರ ಹೋದರು.

ನಾನು ಮೊಬೈಲಿನಲ್ಲಿ ಟೈಪು ಮಾಡಲು ಕಲಿತದ್ದು ಮೊನ್ನೆ ಮೊನ್ನೆ. ಈಗಲೂ ಬರೆಯುವುದು ಯಾರೋ ಕಟ್ಟಿದ ಪಾತ್ರಗಳ ಕತೆಯನ್ನೇ. ಆದರೆ ಮುನಿದವರಿಬ್ಬರು ನನ್ನ ಕತೆಯಲ್ಲಿ ಒಂದಾಗುವ ಹೊತ್ತು ಬಂದರೆ, ಮೊದಲು ಒಬ್ಬರಿಗೆ ನಾಚಿಕೆ ಬರುವವರೆಗೂ ಕಾಯುತ್ತೇನೆ. ಬಾರದಿದ್ದರೆ ಬಾಗಿಲು ತೆರೆಸುವುದಿಲ್ಲ.