ಭಾನುವಾರ ಉಗುರು ಕತ್ತರಿಸಿದ್ದು

ಕಲ್ಯಾಣದುರ್ಗದ ವೃದ್ಧಾಶ್ರಮಕ್ಕೆ ಸೇವೆಗೆಂದು ಮೊದಲು ಒಂಬತ್ತು ಜನ ಹೋಗುತ್ತಿದ್ದೆವು. ತಲೆ ಬಾಚುವುದು, ಉಗುರು ಕತ್ತರಿಸುವುದು, ಗಡ್ಡ ತೆಗೆಯುವುದು, ಇಷ್ಟೇ ಕೆಲಸ. ಈಗ ಉಳಿದವಳು ನಾನೊಬ್ಬಳೇ. ಜನರಲ್ಲಿ ಸೇವಾಭಾವವೇ ಸತ್ತುಹೋಯಿತು ಎಂದು ಆಶ್ರಮದ ಕಾರ್ಯದರ್ಶಿ ಕಂಡಕಂಡವರ ಮುಂದೆ ಗೋಳಾಡುತ್ತಾರೆ. ಶುದ್ಧ ಸುಳ್ಳು. ಕೊಂದವರು ಅವರೇ.

ನಮ್ಮ ಸೇವೆ ಇದ್ದದ್ದು ಭಾನುವಾರ. ಆಮೇಲೆ ಊರಿನ ಉಳ್ಳವರು ಹುಟ್ಟುಹಬ್ಬಕ್ಕೆ ಆಶ್ರಮದಲ್ಲಿ ಊಟ ಹಾಕಿಸಿ ಫೋಟೋ ತೆಗೆಸಿಕೊಳ್ಳುವುದು ಶುರುವಾಯಿತು. ಭಾನುವಾರ ಅವರ ಪಾಲಾಯಿತು, ನಮಗೆ ಮಂಗಳವಾರ ಕೊಟ್ಟರು. ಮಂಗಳವಾರ! ನಮ್ಮ ಕಡೆ ಮಂಗಳವಾರ, ಶುಕ್ರವಾರ ಉಗುರು ಕೂದಲು ಕತ್ತರಿಸುವ ಮನೆ ಯಾವುದಿದೆ? ಮುದುಕ ಮುದುಕಿಯರು ಕೈ ಹಿಂದಕ್ಕೆಳೆದುಕೊಂಡರು. ನಮ್ಮವರು ಕೆಲಸವಿಲ್ಲದೆ ಗೋಡೆ ನೋಡುತ್ತ ಕೂತು ಕೂತು, ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು.

ಅಲ್ಲೊಬ್ಬ ಅಜ್ಜಿ ಇದ್ದಾಳೆ, ನನ್ನ ತವರು ಹಿಂದೂಪುರದವಳು, ನಮ್ಮ ಹಾಗೆಯೇ ನೇಕಾರರ ಮನೆಯವಳು. ಅವಳ ಕಾಲಿನ ಹೆಬ್ಬೆರಳುಗಳ ಉಗುರು ಬೆಳೆದು ಮಾಂಸಕ್ಕೆ ಚುಚ್ಚತೊಡಗಿತ್ತು. ಆಯುಷ್ಯವೆಲ್ಲ ಮಗ್ಗ ತುಳಿದವಳು ಬಚ್ಚಲಿಗೂ ಗೋಡೆ ಹಿಡಿದು ಹೋಗುವಂತಾಯಿತು. ಆದರೂ ಮಂಗಳವಾರ ಕಾಲು ಮುಟ್ಟಗೊಡಲಿಲ್ಲ.

"ಇವತ್ತು ಬ್ಯಾಡ ಕಣಮ್ಮ, ಭಾನುವಾರ ಬಂದ್ಬುಡು," ಎಂದಳು.

ಕಾರ್ಯದರ್ಶಿಯ ಮೇಲೆ ನನಗೆ ಮೈಯೆಲ್ಲ ಉರಿದುಹೋಯಿತು.

ಭಾನುವಾರ ಯಾರನ್ನೂ ಕೇಳದೆ ಹೋದೆ. ಎಲ್ಲರನ್ನೂ ಜಗಲಿಯಲ್ಲಿ ಸಾಲಾಗಿ ಕೂರಿಸಿದ್ದರು. ಹುಟ್ಟುಹಬ್ಬದವರು ಬರುವವರೆಗೂ ಅವರಿಗೆ ಅನ್ನವಿಲ್ಲ. ನಾನು ಬಕೆಟ್ಟಿನಲ್ಲಿ ಬಿಸಿನೀರು ತಂದು ಅಜ್ಜಿಯ ಕಾಲು ನೆನೆಹಾಕಿದೆ. ನೆಲದ ಮೇಲೆ ಕೂತು ಮೆಲ್ಲಗೆ ಕತ್ತರಿಸತೊಡಗಿದೆ. ಬಲಗಾಲು ಮುಗಿಯುವಷ್ಟರಲ್ಲಿ ಕಾರು ಬಂದು ನಿಂತಿತು.

ಕಾರ್ಯದರ್ಶಿ ಓಡಿಬಂದರು. "ಏಳಮ್ಮಾ, ಏಳು ಬೇಗ! ಫೋಟೋದಾಗೆ ಉಗುರು, ಬಕೀಟು ಎಲ್ಲಾ ಬತ್ತದೆ."

"ಬರ್ಲಿ ಬಿಡಿ ಸಾರ್. ಇನ್ನೂ ಎಡಗಾಲು ಐತೆ. ಮುಗಿಸ್ದೆ ನಾನು ಏಳಲ್ಲ."

"ಹಂಗಾದ್ರೆ ಇನ್ಮೇಲೆ ನೀನು ಬರಲೇಬ್ಯಾಡ."

"ಬತ್ತೀನಿ. ಪ್ರತಿ ಭಾನುವಾರ ಬತ್ತೀನಿ. ಬಾಗ್ಲು ಹಾಕ್ಕೊಂಡ್ರೆ ಹೊರಗೇ ಕೂತ್ಕೋತೀನಿ."

ಅಜ್ಜಿಯ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡೆ. ಅಷ್ಟರಲ್ಲಿ ಫೋಟೋದವನು ಎಲ್ಲರೂ ಇತ್ತ ನೋಡಿ ಎಂದು ಕೂಗಿದ. ಯಾರೂ ಅತ್ತ ನೋಡಲಿಲ್ಲ. ಅಜ್ಜಿಯ ಪಕ್ಕದಲ್ಲಿದ್ದ ಮುದುಕ ಪಂಚೆ ಮೇಲಕ್ಕೆತ್ತಿ ತನ್ನ ಕಾಲನ್ನು ನನ್ನ ಕಡೆ ಚಾಚಿದ. ಅವನಾಚೆ ಕೂತಿದ್ದವಳೂ ಚಾಚಿದಳು. ನೋಡನೋಡುತ್ತ ಜಗಲಿಯ ಸಾಲಿಗೆ ಸಾಲೇ ಕಾಲು ಚಾಚಿ ಕೂತಿತು.