ಅಕ್ಕನಾಗಮ್ಮನ ಮೂಗು, ತಮ್ಮನ ಫಟಫಟಿ

ತಿಕೋಟಾದ ಅಕ್ಕನಾಗಮ್ಮನ ಮೂಗು ಬರೀ ಉಸಿರಾಡಲಿಕ್ಕೆ ಇದ್ದದ್ದಲ್ಲ. ಹಾಲಿನವಳು ಹೊಸ್ತಿಲು ದಾಟುವ ಮೊದಲೇ ಹಾಲಿಗೆ ಯಾವ ಬಾವಿಯ ನೀರು ಬಿದ್ದಿದೆಯೆಂದು ಹೇಳುವ ಹೆಣ್ಣು ಅವಳು. ಕಿರಾಣಿ ಅಂಗಡಿಯವನು ಅವಳು ಬರುವುದನ್ನು ಕಂಡರೆ ಹಳೆಯ ಚೀಲದ ಬಾಯಿ ಕಟ್ಟಿ ಹೊಸ ಚೀಲ ಬಿಚ್ಚುತ್ತಿದ್ದ. ನೆರೆಮನೆಯ ಸಾವಂತ್ರವ್ವ ನಕ್ಕರೆ ಯಾಕೆ ನಕ್ಕಳೆಂದು ಅನುಮಾನ; ನಗದಿದ್ದರೆ ಯಾಕೆ ನಗಲಿಲ್ಲವೆಂದು ಅನುಮಾನ.

ಇದಕ್ಕೆ ಕಾರಣವೂ ಇತ್ತು ಅನ್ನಿ. ಸರಕಾರ ದಾರೂಬಂದಿ ಮಾಡಿದಾಗ ಸೆರೆ ಅಂಗಡಿ ಮುಚ್ಚಿದವು, ಕುಡಿತ ಮುಚ್ಚಲಿಲ್ಲ. ಅದು ಹಳ್ಳದ ದಂಡೆಯ ಕಳ್ಳಭಟ್ಟಿಗೆ ಹೋಯಿತು. ಅವಳ ಗಂಡನೂ ಅದರ ಬೆನ್ನು ಹತ್ತಿ ಹೋದ. ಸೊಂಟದಲ್ಲಿ ಚಪ್ಪಟೆ ಬಾಟಲಿ, ಬಾಯಲ್ಲಿ ಯಾಲಕ್ಕಿ. ‘ನಾ ಮುಟ್ಟಿಲ್ಲ, ನಿನ್ನಾಣಿ’ ಎಂದು ಅವನು ಹೇಳುತ್ತಿದ್ದ, ಇವಳು ನಂಬುತ್ತಿದ್ದಳು. ನಂಬುತ್ತ ನಂಬುತ್ತಲೇ ಒಂದು ದಿನ ಅವನನ್ನು ಮಣ್ಣು ಮಾಡಿ ತವರಿಗೆ ಬಂದಳು. ತವರಿನಲ್ಲಿ ಉಳಿದಿದ್ದವನು ತಾಯಿ-ತಂದೆ ಇಲ್ಲದ ಸಣ್ಣ ತಮ್ಮ ಶಿವಯೋಗೆಪ್ಪ ಒಬ್ಬನೇ. ಅವನನ್ನು ಸಾಕಿದಳು, ಸಾಲಿ ಕಲಿಸಿದಳು. ಆದರೆ ಯಾರನ್ನಾದರೂ ನಂಬುವುದನ್ನು ಮಾತ್ರ ಗಂಡನ ಜೊತೆಗೇ ಮಣ್ಣು ಮಾಡಿದ್ದಳು.

ಶಿವಯೋಗೆಪ್ಪ ದೊಡ್ಡವನಾಗಿ ಬಿಜಾಪುರದ ಗಾಂಧಿ ಚೌಕದ ಹತ್ತಿರ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತನಾದ. ಒಳ್ಳೆಯ ಹುಡುಗ, ಎಲೆ-ಅಡಿಕೆ ಕೂಡ ತಿನ್ನುತ್ತಿರಲಿಲ್ಲ. ಆದರೆ ಅವನಿಗೊಂದು ಹುಚ್ಚು ಹತ್ತಿತು. ಮಂದಿ ಎತ್ತು ಕೊಳ್ಳುವಾಗ ಹಲ್ಲು ನೋಡಿ ಹರೆಯದ್ದನ್ನು ಹಿಡಿಯುತ್ತಾರೆ. ಇವನು ಸತ್ತು ಬಿದ್ದ ಗಾಡಿಗಳನ್ನೇ ಹುಡುಕಿ ಕೊಳ್ಳುತ್ತಿದ್ದ. ಐವತ್ತೆಂಟನೆಯ ಇಸವಿಯಲ್ಲಿ ಬೇವಿನ ಗಿಡಕ್ಕೆ ಗುದ್ದಿ ಮುದ್ದೆಯಾಗಿದ್ದ ಒಂದು ಲ್ಯಾಂಬ್ರೆಟಾ ಸ್ಕೂಟರ್ ತಂದ. ಅದನ್ನು ಓಡುವಂತೆ ಮಾಡಿ ಯಾರಿಗೋ ದಾಟಿಸಿ, ಮಿಲಿಟರಿಯವರು ಹರಾಜು ಹಾಕಿದ್ದ ಬಿ.ಎಸ್.ಎ. ಮೋಟಾರ್ ಸೈಕಲ್, ಊರವರ ಬಾಯಲ್ಲಿ ಫಟಫಟಿ, ತಂದ. ತಂದ ಎಂದರೆ ಹತ್ತಿಕೊಂಡು ಬಂದನೆಂದಲ್ಲ. ಚಕ್ಕಡಿಯಲ್ಲಿ, ಗೋಣಿಚೀಲಗಳಲ್ಲಿ ತುಂಬಿಸಿಕೊಂಡು ಬಂದ.

“ಹಳೇ ಕಬ್ಬಣದ ವ್ಯಾಪಾರ ಸುರು ಮಾಡೀಯೇನೋ ತಮ್ಮಾ?” ಎಂದು ಅಕ್ಕ ಕೇಳಿದಳು.

“ಇಲ್ಲಕ್ಕಾ, ಇದು ಓಡತೈತಿ.”

“ಚೀಲದಾಗಿನ ಗಾಡಿ ಓಡಿದ್ದ ನಾ ಎಲ್ಲೀನೂ ನೋಡಿಲ್ಲ.”

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಗಾಡಿ ರಿಪೇರಿ ಮಾಡುವ ಬುಡ್ಡೇಸಾಬ ಅವನಿಗೆ ಗುರುವೂ ಹೌದು, ದೋಸ್ತನೂ ಹೌದು. ರವಿವಾರ ಬಂತೆಂದರೆ ಇಬ್ಬರೂ ತಿಕೋಟಾದ ಮನೆಯ ದನದ ಕೊಟ್ಟಿಗೆಯಲ್ಲಿ ಗೋಣಿ ಹಾಸಿ, ಸಾಮಾನುಗಳನ್ನೆಲ್ಲ ಹರವಿಕೊಂಡು ಕೂಡುತ್ತಿದ್ದರು. ಒಂದು ಉಗಾದಿಯ ಮುಂಜಾನೆ ಆ ಚೀಲದ ಕಬ್ಬಿಣ ‘ಫಟ್’ ಎಂದಿತು, ಹೊಗೆ ಬಿಟ್ಟಿತು, ಓಣಿಯ ಕೋಳಿಗಳೆಲ್ಲ ಮಾಳಿಗೆ ಹತ್ತಿದವು. ಶಿವಯೋಗೆಪ್ಪ ಅತ್ತುಬಿಟ್ಟ. ಅಕ್ಕನಾಗಮ್ಮನಿಗೆ ಇದು ವಿಚಿತ್ರವೆನಿಸಿತು. ತನ್ನ ಗಂಡ ಸತ್ತಾಗ ಅಳದವನು ಕಬ್ಬಿಣ ಕೆಮ್ಮಿದ್ದಕ್ಕೆ ಯಾಕೆ ಅಳಬೇಕು?

ಅಲ್ಲಿಂದ ಅನುಮಾನಕ್ಕೆ ರೆಕ್ಕೆ ಬಂದವು. ಕೆಲಸಕ್ಕೆ ಹೋಗುವುದು ಸರಿ. ಆದರೆ ಇವನು ರಜೆಯ ದಿನವೂ ಗಾಡಿ ತೆಗೆದು ತೊರವಿಗೆ ಹೋಗುತ್ತಿದ್ದ, ಬಿಜ್ಜರಗಿಗೆ ಹೋಗುತ್ತಿದ್ದ. ಅಲ್ಲಿ ಏನು ಕೆಲಸ? ಏನೂ ಇಲ್ಲ. ಹೋಗುವುದು, ಗಾಡಿಯ ಸಪ್ಪಳ ಕೇಳುವುದು, ತಿರುಗಿ ಬರುವುದು. ಇಂಥದ್ದನ್ನು ಶಾಣ್ಯಾ ಮಂದಿ ಯಾರು ನಂಬುತ್ತಾರೆ? ಊರಲ್ಲಿ ಆಗಲೇ ಗುಸುಗುಸು ಎದ್ದಿತ್ತು. ಗಾಡಿ ಇದ್ದವನು, ರಾಜ್ಯದ ಗಡಿಯ ಕಡೆ ಸುತ್ತುವವನು, ಕಳ್ಳಭಟ್ಟಿಯ ಮಾಲು ಸಾಗಿಸದೆ ಇರುತ್ತಾನೆಯೇ? ಒಮ್ಮೆ ತೊರವಿಯ ಹತ್ತಿರ ಪೊಲೀಸನೊಬ್ಬ ಅವನನ್ನು ನಿಲ್ಲಿಸಿ, ಪೆಟ್ರೋಲ್ ಟಾಕಿಗೆ ಮೂಗು ಹಚ್ಚಿ ನೋಡಿ, ಸೀನುತ್ತ ಬಿಟ್ಟು ಕಳಿಸಿದ್ದ. ಆ ಸುದ್ದಿ ಕೇಳಿ ಅಕ್ಕನಾಗಮ್ಮ ನಿದ್ದೆ ಕೆಡಿಸಿಕೊಂಡಳು.

ತಮ್ಮನನ್ನು ನೇರ ಕೇಳುವ ಧೈರ್ಯ ಅವಳಿಗಾಗಲಿಲ್ಲ. ಗಂಡನನ್ನು ಕೇಳಿ ಕೇಳಿ ಆಣೆಯ ಮಾತು ಎಷ್ಟು ಪೊಳ್ಳೆಂದು ಕಲಿತಿದ್ದಳು. ಅದಕ್ಕೆ ಬೇರೆ ದಾರಿ ಹಿಡಿದಳು. ಸಂಜೆ ಅವನು ಬಂದ ಕೂಡಲೇ ಹೆಗಲ ಮೇಲಿನ ವಲ್ಲಿಬಟ್ಟೆಯನ್ನು ತಾನೇ ಇಳಿಸಿಕೊಳ್ಳುತ್ತಿದ್ದಳು. “ದಣದಿ ತಮ್ಮಾ, ಕೂಡು” ಎಂದು ಹೇಳಿ, ಆ ವಲ್ಲಿಯನ್ನು ಎದೆಗೆ ಒತ್ತಿಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. ತಾಯಿಯೂ ಇಷ್ಟು ಮಾಡಲಾರಳು ಎಂದು ಶಿವಯೋಗೆಪ್ಪ ಬುಡ್ಡೇಸಾಬನ ಮುಂದೆ ಹೇಳಿಕೊಳ್ಳುತ್ತಿದ್ದ. ಬಚ್ಚಲ ಬಾಗಿಲ ಹಿಂದೆ ಅಕ್ಕ ಆ ವಲ್ಲಿಯನ್ನು ಮೂಗಿಗೆ ಹಿಡಿದು ಮೂಲೆ ಮೂಲೆ ಮೂಸಿ ನೋಡುತ್ತಿದ್ದಳು.

ದಿನವೂ ಪೆಟ್ರೋಲ್ ವಾಸನೆ, ಎಣ್ಣೆಯ ವಾಸನೆ. ಮತ್ತೇನೂ ಇಲ್ಲ. ಬೇರೆಯವರಾದರೆ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಅಕ್ಕನಾಗಮ್ಮನಿಗೆ ಹೊಸ ಅನುಮಾನ ಹುಟ್ಟಿತು. ಗಂಡ ವಾಸನೆ ಮುಚ್ಚಲಿಕ್ಕೆ ಯಾಲಕ್ಕಿ ಅಗಿಯುತ್ತಿದ್ದ. ಕಲಿತ ಹುಡುಗ ಇವನು, ಪೆಟ್ರೋಲ್ ಸವರಿಕೊಂಡು ಬರುತ್ತಾನೆ. ಅನುಮಾನಕ್ಕೆ ಔಷಧವಿಲ್ಲ ಎನ್ನುವುದು ಸುಮ್ಮನೆ ಅಲ್ಲ.

ಅರವತ್ತೆರಡರ ಸಂಕ್ರಾಂತಿಯ ಹೊತ್ತಿಗೆ ಬಬಲೇಶ್ವರದಿಂದ ಸಂಬಂಧವೊಂದು ಕುದುರಿ ಬಂತು. ಅರಿವೆ ಅಂಗಡಿಯ ಅಮರಪ್ಪನ ಮಗಳು ಕಾಶಿಬಾಯಿ. ಹುಡುಗ-ಹುಡುಗಿ ಜಾತ್ರೆಯಲ್ಲಿ ಒಬ್ಬರನ್ನೊಬ್ಬರು ನೋಡಿದ್ದರು, ಒಪ್ಪಿದ್ದರು. ಮಾತು ಗಟ್ಟಿ ಮಾಡುವುದಷ್ಟೇ ಬಾಕಿ. ಅಮರಪ್ಪ ಒಂದೇ ಮಾತು ಹೇಳಿ ಕಳಿಸಿದ್ದ: “ಬಡವ ಇದ್ದರ ನಡೀತೈತಿ. ಕುಡುಕಗ ನನ್ನ ಮಗಳನ ಕೊಡೂದಿಲ್ಲ.”

ಈ ಮಾತು ಅಕ್ಕನಾಗಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ನಿಂತಿತು. ಅವಳ ಅಪ್ಪನಿಗೂ ಯಾರೋ ಹೀಗೇ ‘ಹುಡುಗ ಬಂಗಾರ’ ಎಂದು ಹೇಳಿದ್ದರು. ಗೊತ್ತಿದ್ದೂ ಸುಮ್ಮನಿದ್ದರೆ ಇನ್ನೊಬ್ಬರ ಮಗಳನ್ನು ತಾನೇ ಬಾವಿಗೆ ನೂಕಿದ ಹಾಗೆ. ಹೇಳಿಬಿಟ್ಟರೆ ತಮ್ಮನ ಮನೆ ಬೆಳಗುವ ಮೊದಲೇ ದೀಪ ಆರಿಸಿದ ಹಾಗೆ. ನಿಜವೇನೆಂದು ತಿಳಿಯಲೇಬೇಕಿತ್ತು.

ಆ ವಾರವೇ ಕೊಟ್ಟಿಗೆಯಲ್ಲಿ ದನಕ್ಕೆಂದು ಒಟ್ಟಿದ್ದ ಕಣಕಿಯ ಹಿಂದೆ ಬಾಟಲಿ ಸಿಕ್ಕಿತು. ಚಪ್ಪಟೆ ಬಾಟಲಿ. ಗಂಡನ ಸೊಂಟದಲ್ಲಿ ಇರುತ್ತಿತ್ತಲ್ಲ, ಅಂಥದ್ದೇ. ಬೂಚು ತೆಗೆದು ಮೂಸಿದಳು. ಮೂಗು ‘ಪೆಟ್ರೋಲ್’ ಎಂದಿತು. ‘ಭಟ್ಟಿಯವರು ಏನೇನ ಬೆರಸ್ತಾರೋ ಯಾರಿಗೆ ಗೊತ್ತು’ ಎಂದು ಮನಸ್ಸು ಮೂಗಿನ ಬಾಯಿ ಮುಚ್ಚಿಸಿತು. ‘ಆ ಸುಡಗಾಡ ಪೆಟ್ರೋಲ ಮನ್ಯಾಗ ಇಟ್ಟೀದೆಂದರ ಒಲಿಗೆ ಹಾಕತೇನಿ’ ಎಂದು ತಾನೇ ಹಿಂದೊಮ್ಮೆ ಬೆದರಿಸಿದ್ದಳು. ಅದಕ್ಕೇ ಅವನು ಬಚ್ಚಿಟ್ಟಿರಬಹುದು ಎಂಬುದು ಆ ಹೊತ್ತಿನಲ್ಲಿ ಅವಳಿಗೆ ಹೊಳೆಯಲಿಲ್ಲ.

ಅಕ್ಕನಾಗಮ್ಮ ಕೂಗಾಡಲಿಲ್ಲ. ಮರುದಿನ ಮಠಕ್ಕೆ ಹೋಗಿ, ಅಲ್ಲಿಯ ಅಯ್ಯನವರಾದ ಗುರುಪಾದಯ್ಯನವರ ಪಾದ ತೊಳೆದು, ವಿಭೂತಿ ಬೆರೆತ ಆ ಪಾದೋದಕವನ್ನು ತಂಬಿಗೆಯಲ್ಲಿ ತಂದಳು. ಗುರುವಿನ ಪಾದೋದಕ ಅರಿಯದೆ ಕುಡಿದರೂ ಚಟ ಬಿಡುತ್ತದೆ ಎಂಬುದು ಅವಳ ನಂಬಿಕೆ. ಮನುಷ್ಯರನ್ನು ನಂಬದವಳಿಗೆ ದೇವರ ಮೇಲೆ ಮಾತ್ರ ಕಡಿಮೆ ನಂಬಿಕೆ ಇರಲಿಲ್ಲ. ಬಾಟಲಿಯಲ್ಲಿದ್ದದ್ದನ್ನು ತಿಪ್ಪೆಗೆ ಚೆಲ್ಲಿದಳು, ಪಾದೋದಕ ತುಂಬಿದಳು, ಬೂಚು ಹಾಕಿ ಕಣಕಿಯ ಹಿಂದೆ ಇದ್ದಲ್ಲೇ ಇಟ್ಟಳು.

ಮಾತುಕತೆಯ ದಿನ ಬಬಲೇಶ್ವರದ ಕಡೆಗೆ ಹೋಗುವ ಮೋಟಾರು ಬಸ್ಸು ಬರಲಿಲ್ಲ. ಊಟದ ಹೊತ್ತಿಗೆ ಬರುತ್ತೇವೆಂದು ಇವರು ಅಮರಪ್ಪನಿಗೆ ಹೇಳಿ ಕಳಿಸಿದ್ದರು. ಶಿವಯೋಗೆಪ್ಪ ಫಟಫಟಿ ತೆಗೆದ.

“ಹಿಂದ ಕೂಡಕ್ಕಾ.”

“ಮಂದಿ ನೋಡಿದರ ಏನಂದಾರು?”

“ಅನ್ನೂದೆಲ್ಲಾ ಆಗಲೇ ಅಂದಾರ. ಕೂಡು.”

ಸೆರಗು ಬಿಗಿದು, ಒಂದೇ ಮಗ್ಗುಲಾಗಿ ಕುಳಿತು, ಕಣ್ಣು ಮುಚ್ಚಿ ತಮ್ಮನ ಸೊಂಟ ಹಿಡಿದಳು. ಊರು ದಾಟಿದ ಮೇಲೆ ಒಂದು ಕಣ್ಣು ತೆರೆದಳು. ತೆನೆ ಹಿಡಿದ ಜೋಳದ ಹೊಲಗಳು ಎರಡೂ ಕಡೆ ಓಡುತ್ತಿದ್ದವು, ಗಾಳಿ ಕಿವಿಯಲ್ಲಿ ಏನೋ ಹೇಳುತ್ತಿತ್ತು. ಅವಳಿಗೆ ನಗು ಬಂತು. ಕೆಲಸವಿಲ್ಲದೆ ಬಿಜ್ಜರಗಿಗೆ ಹೋಗಿಬರುವುದರಲ್ಲಿ ಏನಿದೆ ಎಂಬುದು ಮೊದಲ ಸಲ ಸ್ವಲ್ಪ ತಿಳಿದಂತಾಯಿತು. ಕೂಡಲೇ ಆ ನಗುವಿನ ಮೇಲೂ ಅನುಮಾನ ಬಂದು ಬಾಯಿ ಬಿಗಿದುಕೊಂಡಳು.

ಬಬಲೇಶ್ವರ ಇನ್ನೂ ಒಂದು ಹರದಾರಿ ಇರುವಾಗ ಗಾಡಿ ಕೆಮ್ಮಿ ನಿಂತಿತು. ಶಿವಯೋಗೆಪ್ಪ ಟಾಕಿ ಅಲುಗಾಡಿಸಿ ನೋಡಿ, “ಚಿಂತಿಲ್ಲ” ಎನ್ನುತ್ತ ಕೈಚೀಲಕ್ಕೆ ಕೈ ಹಾಕಿದ. ಚಪ್ಪಟೆ ಬಾಟಲಿಯ ಕುತ್ತಿಗೆ ಕಂಡಿತು.

ಅಕ್ಕನಾಗಮ್ಮ ಬೇಕೆಂದೇ ಮುಖ ತಿರುಗಿಸಿ ಹೊಲ ನೋಡುತ್ತ ನಿಂತಳು. ಕುಡಿಯಲಿ, ಅವನು ಕುಡಿಯಲಿ ಎಂದು ಶ್ರೀಶೈಲದ ಮಲ್ಲಯ್ಯನನ್ನು ನೆನೆದಳು. ಗುಟುಕಿನ ಸಪ್ಪಳ ಕೇಳಲಿಲ್ಲ. ಗಳಗಳ ಎಂಬ ಸಪ್ಪಳ ಕೇಳಿತು. ತಿರುಗಿ ನೋಡಿದರೆ ಟಾಕಿಯ ಮುಚ್ಚಳ ತೆರೆದಿತ್ತು, ಬಾಟಲಿ ಅದರ ಮೇಲೆ ಬುಡಮೇಲಾಗಿತ್ತು.

ಪೆಟ್ರೋಲ್. ತಾನು ತಿಪ್ಪೆಗೆ ಚೆಲ್ಲಿದ್ದು ಬರೀ ಪೆಟ್ರೋಲ್. ಮೂಗು ಇಷ್ಟು ದಿನ ಖರೇನೇ ಹೇಳಿತ್ತು, ಕೇಳದವಳು ಅವಳು.

ಶಿವಯೋಗೆಪ್ಪ ಕಿಕ್ ಹೊಡೆದ. ಮತ್ತೆ ಹೊಡೆದ. ಬೆವರು ಸುರಿಯುವವರೆಗೂ ಹೊಡೆದ. ಪ್ಲಗ್ಗು ಬಿಚ್ಚಿ ವಲ್ಲಿಯಿಂದ ಒರೆಸಿ ಹಾಕಿದ. ಕೊನೆಗೆ ಕಾರ್ಬೋರೇಟರಿನ ಬಟ್ಟಲು ಬಿಚ್ಚಿ ಅಂಗೈಗೆ ಸುರಿದುಕೊಂಡು ಬಹಳ ಹೊತ್ತು ನೋಡಿದ.

“ನೀರಕ್ಕಾ. ಬೆಳ್ಳಗ ಬೂದಿ ಕಲಿಸಿದಂಗ ಐತಿ.” ಅವನ ದನಿ ಸಣ್ಣದಾಯಿತು. “ಈ ಬಾಟ್ಲಿ ತುಂಬಿ ಕೊಟ್ಟಾಂವ ಬುಡ್ಡೇಸಾಬ. ನನಗ ಈ ವಿದ್ಯಾ ಕಲಿಸಿದಾಂವ. ಇಂಥಾ ದಿನಾನ ನೀರ ಕೊಡತಾನೇನು? ಇನ್ನ ಅವನ ಮಾರಿ ನೋಡೂದಿಲ್ಲ ನಾ.”

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಜಗತ್ತನ್ನೆಲ್ಲ ಸಂಶಯದಿಂದ ನೋಡಿದ ಹೆಂಗಸು, ತನ್ನ ಎದುರಿಗೇ ನಿರಪರಾಧಿಯೊಬ್ಬನ ಮೇಲೆ ಸಂಶಯ ಬೀಳುವುದನ್ನು ನೋಡುತ್ತ, ಸೆರಗಿನ ಚುಂಗು ತಿರುವುತ್ತ ನಿಂತಳು. ಆಮೇಲೆ ಇಬ್ಬರೂ ಗಾಡಿ ನೂಕುತ್ತ ಹೊರಟರು.

ಅಮರಪ್ಪನ ಪಡಸಾಲೆ ಮುಟ್ಟಿದಾಗ ಊಟದ ಹೊತ್ತು ಮೀರಿ ಹೋಗಿತ್ತು. ಶಿವಯೋಗೆಪ್ಪನ ಕಣ್ಣು ಧೂಳಿಗೆ ಕೆಂಪಾಗಿದ್ದವು, ಕಾಲು ತಡವರಿಸುತ್ತಿದ್ದವು, ಮೈಯೆಲ್ಲ ಘಾಟು ವಾಸನೆ. ಅಮರಪ್ಪ ಕೈಕಾಲು ತೊಳೆಯಲು ನೀರು ಕೊಡಿಸಲಿಲ್ಲ. ಹುಡುಗನನ್ನು ಮೇಲಿಂದ ಕೆಳಗೆ ನೋಡಿದ, ಮೂಗು ಅರಳಿಸಿ ಒಮ್ಮೆ ಉಸಿರೆಳೆದ. ಅಕ್ಕನಾಗಮ್ಮ ಆ ಉಸಿರನ್ನು ಗುರುತು ಹಿಡಿದಳು. ಅದು ಅವಳದೇ ಉಸಿರು.

“ಹೊತ್ತ ಯಾಕಾತ್ರಿ?”

“ಗಾಡಿ ನಿಂತಿತ್ರಿ. ಪೆಟ್ರೋಲದಾಗ ನಮ್ಮ ದೋಸ್ತ ನೀರ ಹಾಕಿ ಕೊಟ್ಟಿದ್ದ.”

“ತಪ್ಪ ಯಾರ ಮ್ಯಾಲರೆ ಹಾಕೂದು ಕುಡುಕರ ಚಟ,” ಎಂದ ಅಮರಪ್ಪ. ಆಮೇಲೆ ಅಕ್ಕನಾಗಮ್ಮನ ಕಡೆ ತಿರುಗಿದ. “ನೀವ ಸಾಕಿದವರು, ನೀವ ಹೇಳ್ರಿ ಅವ್ವಾರ. ನಾನೂ ಹೆಣ್ಣ ಹೆತ್ತಾಂವ. ಇಂವ ಕುಡೀತಾನೇನು?”

ನಿನ್ನೆಯವರೆಗೆ ಈ ಪ್ರಶ್ನೆಗೆ ‘ಇಲ್ಲ’ ಎನ್ನಲು ಅವಳ ನಾಲಗೆ ಹೊರಳುತ್ತಿರಲಿಲ್ಲ. ಈಗ ಹೊರಳುತ್ತದೆ. ಆದರೆ ಬರೀ ‘ಇಲ್ಲ’ವನ್ನು ಯಾರು ನಂಬುತ್ತಾರೆ? ಅವಳೇ ನಂಬುತ್ತಿರಲಿಲ್ಲ.

“ಇಲ್ರಿ. ನೀರ ಹಾಕಿದಾಕಿ ನಾ,” ಎಂದಳು ಅಕ್ಕನಾಗಮ್ಮ. ಶಿವಯೋಗೆಪ್ಪ ತಟ್ಟನೆ ತಲೆ ಎತ್ತಿದ. ಅವಳು ಅವನ ಮುಖ ನೋಡದೆ, ಕಂಬದ ಬುಡ ನೋಡುತ್ತ ಎಲ್ಲವನ್ನೂ ಹೇಳಿದಳು. ಗಂಡನ ಬಾಟಲಿ, ಕಣಕಿಯ ಹಿಂದಿನ ಬಾಟಲಿ, ಗುರುಪಾದಯ್ಯನವರ ಪಾದೋದಕ. “ದಿನಾ ಸಂಜೀಕ ಅವನ ವಲ್ಲಿ ಮೂಸಿ ನೋಡೀನ್ರಿ, ವರ್ಷಗಟ್ಟಲೆ. ಪೆಟ್ರೋಲ ಬಿಟ್ಟರ ಏನೂ ಸಿಕ್ಕಿಲ್ಲ. ಸಿಕ್ಕಿಲ್ಲಂತನ ಸಂಶೆ ಬಂತ್ರಿ ನನಗ. ಪಾದೋದಕ ಅಂವ ಕುಡೀಲಿಲ್ಲ, ಗಾಡಿ ಕುಡೀತು.”

ಒಳಗಿನ ಬಾಗಿಲ ಹಿಂದೆ ಬಳೆ ಸಪ್ಪಳವಾಯಿತು. ತಡೆದರೂ ತಡೆಯದ ನಗು ಒಂದು ಹೊರಗೆ ಬಂತು. ಅದು ಕಾಶಿಬಾಯಿಯ ನಗು. ಅಮರಪ್ಪ ಮೀಸೆ ಒರೆಸಿಕೊಂಡ.

“ಇಷ್ಟ ವರ್ಷ ಒಂದ ಮನ್ಯಾಗ ಕುಂತು ಹುಡುಕ್ಯಾರ ಇವರು, ಏನೂ ಸಿಕ್ಕಿಲ್ಲ,” ಎಂದ. “ನಾ ಇನ್ನ ಯಾರನ ವಿಚಾರ ಮಾಡಲಿ? ನೀರ ತರ್ರಿ, ಕಾಲ ತೊಳಕೊಳ್ಳಲಿ. ಮಾತ ಗಟ್ಟಿ ಆತು, ಸಕ್ಕರಿ ಹಂಚರಿ.”

ಊರೆಲ್ಲ ಆಮೇಲೆ ಇದನ್ನೇ ಹೇಳಿಕೊಂಡು ನಕ್ಕಿತು. ಬುಡ್ಡೇಸಾಬನಂತೂ ಆ ಬಿ.ಎಸ್.ಎ.ಗೆ ‘ಅಯ್ಯನವರ ಗಾಡಿ’ ಎಂದೇ ಹೆಸರಿಟ್ಟ. ಆದರೆ ಅಂದು ಸಂಜೆ, ಟಾಕಿಯ ನೀರು ಚೆಲ್ಲಿ, ಲಾರಿಯವನೊಬ್ಬನಿಂದ ಪೆಟ್ರೋಲ್ ಇಸಿದುಕೊಂಡು ತಿಕೋಟಾಕ್ಕೆ ತಿರುಗಿ ಬರುವಾಗ ಶಿವಯೋಗೆಪ್ಪ ನಗುತ್ತಿರಲಿಲ್ಲ. ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಒಳಗೆ ಬಂದ. ಅಕ್ಕನಾಗಮ್ಮ ರೂಢಿಯಂತೆ ಅವನ ಹೆಗಲ ಕಡೆಗೆ ಕೈ ಚಾಚಿದಳು.

“ಅಕ್ಕಾ,” ಎಂದ ಅವನು, “ಇದನ್ನ ಎದಿಗೆ ಒತಗೊಂಡ ಒಯ್ತಿದ್ದೆಲ್ಲ. ನಾ ಬ್ಯಾರೇನೋ ತಿಳಕೊಂಡಿದ್ದೆ.”

‘ಎರಡೂ ಇತ್ತು ತಮ್ಮಾ, ಅದೂ ಇತ್ತು’ ಎಂದು ಅಕ್ಕನಾಗಮ್ಮ ಹೇಳಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅವನು ಅದನ್ನು ಯಾಕೆ ನಂಬಬೇಕು? ಚಾಚಿದ ಕೈ ಹಿಂದೆ ತೆಗೆದುಕೊಂಡಳು.

ಶಿವಯೋಗೆಪ್ಪ ಬಚ್ಚಲಿಗೆ ಹೋಗಿ ತಂಬಿಗೆಯಲ್ಲಿ ನೀರು ತೆಗೆದುಕೊಂಡ. ಅಂದಿನಿಂದ ತನ್ನ ವಲ್ಲಿಯನ್ನು ತಾನೇ ಒಗೆದುಕೊಳ್ಳತೊಡಗಿದ.