ದೋಸೆ ಹಿಟ್ಟಿನವನ ಶಿಫಾರಸು ಪತ್ರ

"ನೀನೇ ಬರ್ದು ಕಳ್ಸಯ್ಯ, ನಾನು ಸಹಿ ಹಾಕ್ತೀನಿ" ಎಂದರು ನನ್ನ ಎಂ.ಎಸ್ಸಿ. ಗುರುಗಳು, ಇವತ್ತು ಬೆಳಿಗ್ಗೆ, ದಾವಣಗೆರೆಯಿಂದ ಫೋನಿನಲ್ಲಿ.

ವಿಷಯ ಇಷ್ಟೇ, ಗೆಳೆಯರೇ. ಹಾಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಹಿಟ್ಟು ಹುದುಗುವುದರ ಬಗ್ಗೆ ಪಿಎಚ್‌ಡಿ ಮಾಡುವವರು ಬೇಕಾಗಿದ್ದಾರೆ. ಅಲ್ಲಿ ಅದು ಸಂಬಳದ ನೌಕರಿ. ನಾನೋ ಇಲ್ಲಿ ಲಂಡನ್ನಿನ ಪಾರ್ಕ್ ರಾಯಲ್‌ನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ದೋಸೆ ಹಿಟ್ಟು ಹುದುಗಿಸುತ್ತಿರುವವನು. ನಲವತ್ತೈದು ದಾಟಿದ ಮೇಲೆ ಇಂಥ ಬಾಗಿಲು ಮತ್ತೆ ತೆರೆಯುವುದಿಲ್ಲ. ಅರ್ಜಿ ನನ್ನದು, ಮರ್ಜಿ ಅವರದು. ಕೊನೆಯ ದಿನ ಇವತ್ತೇ, ಬಾಕಿ ಇದ್ದದ್ದು ಗುರುಗಳ ಶಿಫಾರಸು ಪತ್ರ ಮಾತ್ರ.

ಬರೆದೆ. ಮೇಧಾವಿ, ಪರಿಶ್ರಮಿ, ಸಂಶೋಧನೆಗೆಂದೇ ಹುಟ್ಟಿದವನು ಎಂದೆಲ್ಲ ನನ್ನನ್ನು ನಾನೇ ಹೊಗಳಿ, ನಾಚಿಕೆ ನುಂಗಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಮತ್ತೆ ಫೋನು.

"ಯಾರಯ್ಯ ಇವ್ನು? ಇಂಥ ಹುಡುಗ ನನ್ ಕ್ಲಾಸಲ್ಲಿ ಯಾವತ್ತೂ ಇರ್ಲಿಲ್ಲ!"

"ಎಲ್ರೂ ಹಿಂಗೇ ಬರೀತಾರೆ ಸರ್."

"ಹಂಗಾದ್ರೆ ಅವ್ರು ನಿನ್ನ ಗುರುತು ಹಿಡಿಯೋದು ಹೆಂಗೋ ಮಾರಾಯ?"

ಪಕ್ಕದಲ್ಲಿ ಕಿವಿಗೊಟ್ಟು ಕೂತಿದ್ದ ಮಗಳು, "ಹಿ ಹ್ಯಾಸ್ ಎ ಪಾಯಿಂಟ್, ಅಪ್ಪ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಗುರುಗಳು ತಾವೇ ಬರೆದು ನೇರ ಹಾಲೆಂಡಿಗೆ ಕಳಿಸಿ, ನನಗೊಂದು ಪ್ರತಿ ಹಾಕಿದ್ದರು. ನನ್ನ ಮೇಧಾವಿ, ಪರಿಶ್ರಮಿ ಯಾರೂ ಅದರಲ್ಲಿ ಇರಲಿಲ್ಲ. ಇದ್ದದ್ದು ಎರಡೇ ಸಾಲು: "ಪ್ರಯೋಗ ಕೆಟ್ಟ ದಿನ ಉಳಿದ ಹುಡುಗರು ಅಂಕಿಗಳನ್ನು ತಿದ್ದಿ ತರುತ್ತಿದ್ದರು. ಇವನು ಕೆಟ್ಟಿದೆ ಎಂದೇ ಬರೆದು ತರುತ್ತಿದ್ದ, ಇವನು ಸುಳ್ಳು ಬರೆದದ್ದನ್ನು ನಾನು ಕಂಡಿಲ್ಲ."

ಇವತ್ತು ಬೆಳಿಗ್ಗೆಯವರೆಗೆ ಅದು ನಿಜವೇ ಆಗಿತ್ತು.